ಡ್ರ್ಯಾಗನ್ ತಲೆಯ ಜಾರುಬಂಡೆ

ನಾನು ಸಿಂಗಪುರಕ್ಕೆ ಹೋಗಿ ಬಂದೆನೆಂಬ ಸುದ್ದಿ ಹರಡಿದ್ದೇ ತಡ, ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಪ್ರಶ್ನೆಗಳ ಸುರಿಮಳೆ. ಸೆಂಟೋಸಾ ದ್ವೀಪ ನೋಡಿದಿರಾ, ನೀರು ಉಗುಳುವ ಸಿಂಹದ ಮುಂದೆ ಫೋಟೊ ತೆಗೆಸಿಕೊಂಡಿರಾ, ಮೂರು ಗೋಪುರಗಳ ಮೇಲೆ ಹಡಗು ಕೂರಿಸಿದಂತಿರುವ ಹೋಟೆಲು ನೋಡಿದಿರಾ... ಎಲ್ಲಕ್ಕೂ ‘ಹೂಂ’ ಎಂದೆ. ‘ಹಾಗಾದರೆ ಮನಸ್ಸಿಗೆ ತುಂಬಾ ಹಿಡಿಸಿದ್ದು ಯಾವುದು ಸಾರ್?’ ಎಂದು ಗಣಿತದ ಮೇಡಂ ಕೇಳಿದರು. ‘ಒಂದು ಜಾರುಬಂಡೆ’ ಎಂದೆ. ಎಲ್ಲರೂ ನಕ್ಕರು.

ನಗಲಿ, ತಪ್ಪೇನೂ ಇಲ್ಲ. ಐವತ್ತೇಳು ವರ್ಷದ ವಿಜ್ಞಾನದ ಮೇಷ್ಟ್ರು ವಿಮಾನ ಹತ್ತಿ, ಸಮುದ್ರ ದಾಟಿ ಹೋಗಿ ಜಾರುಬಂಡೆ ನೋಡಿ ಬಂದನೆಂದರೆ ಯಾರಿಗಾದರೂ ನಗು ಬಂದೀತು. ಆದರೆ ಜಾರುಬಂಡೆಗೂ ನನಗೂ ಹಳೆಯ ಲೆಕ್ಕವೊಂದು ಬಾಕಿಯಿತ್ತು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಊರು ನೋಡೋಣ.

ಬಣ್ಣ ಬಳಿದುಕೊಂಡ ಊರು

ನನ್ನ ಮಗಳು, ಅಳಿಯ ಇಬ್ಬರಿಗೂ ಅಲ್ಲಿ ಕೆಲಸ. ಕಳೆದ ಬೇಸಿಗೆ ರಜೆಯಲ್ಲಿ ನಾನೂ ನನ್ನ ಹೆಂಡತಿಯೂ ಮೂರು ವಾರ ಅವರ ಮನೆಯಲ್ಲಿದ್ದೆವು. ಮೊಮ್ಮಗನಿಗೆ ಆರು ವರ್ಷ. ಅವನೇ ನಮಗೆ ಗೈಡ್.

ಸಿಂಗಪುರ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಒಂದು ಡಿಗ್ರಿ ಚಿಲ್ಲರೆ ದೂರದಲ್ಲಿದೆ. ಹೀಗಾಗಿ ವರ್ಷವಿಡೀ ಹಗಲು ಹೆಚ್ಚುಕಡಿಮೆ 12 ಗಂಟೆ, ರಾತ್ರಿಯೂ 12 ಗಂಟೆ. ಆದರೆ ಅವರ ಗಡಿಯಾರ ಸೂರ್ಯನಿಗಿಂತ ಸುಮಾರು ಒಂದು ಗಂಟೆ ಮುಂದಿದೆ. ಆದ್ದರಿಂದ ಬೆಳಗಾಗುವುದು ಏಳು ಗಂಟೆಯ ಸುಮಾರಿಗೆ, ಕತ್ತಲಾಗುವುದೂ ಏಳರ ಸುಮಾರಿಗೆ. ಶಾಲೆ ಬಿಟ್ಟ ಮೇಲೂ ಮಕ್ಕಳಿಗೆ ಆಡಲು ಬೆಳಕಿರುತ್ತದೆ. ಇದು ಅಲ್ಲಿ ನಾನು ಮೊದಲು ಮೆಚ್ಚಿದ ಸಂಗತಿ.

ಎರಡನೆಯದು ಬಣ್ಣ. ಲಿಟಲ್ ಇಂಡಿಯಾ ಎಂಬ ಬಡಾವಣೆಗೆ ಹೋದರೆ ಹಳೆಯ ಅಂಗಡಿ ಮನೆಗಳ ಒಂದೊಂದು ಕಿಟಕಿಗೂ ಒಂದೊಂದು ಬಣ್ಣ. ಹತ್ತು ಹನ್ನೆರಡು ಅಂತಸ್ತಿನ ವಸತಿ ಕಟ್ಟಡಗಳ ಮೇಲೂ ಹಳದಿ, ನೀಲಿ, ಗುಲಾಬಿ ಪಟ್ಟೆಗಳು. ಆದರೆ ಈ ಊರು ಬಣ್ಣ ಬಳಿದುಕೊಳ್ಳುವಷ್ಟೇ ಸಲೀಸಾಗಿ ಅಳಿಸಿಕೊಳ್ಳುತ್ತದೆ ಕೂಡ. ರೋಚೋರ್ ಸೆಂಟರ್ ಎಂಬಲ್ಲಿ ಕಡು ಬಣ್ಣಗಳ ನಾಲ್ಕು ವಸತಿ ಕಟ್ಟಡಗಳಿದ್ದವಂತೆ. ನೋಡಲೆಂದೇ ಜನ ಬರುತ್ತಿದ್ದರಂತೆ. ಹೆದ್ದಾರಿಯೊಂದಕ್ಕಾಗಿ 2018ರಲ್ಲಿ ಅವನ್ನು ಕೆಡವಿದರು. ಅಲ್ಲಿ ಹಳೆಯದು ಎಂದರೆ ನಮ್ಮ ಹಾಗೆ ಹೊಯ್ಸಳರ ಕಾಲದ್ದಲ್ಲ. ನಲವತ್ತು ವರ್ಷ ದಾಟಿದ್ದೇ ಹಳೆಯದು!

ಅಂಥ ಊರಿನಲ್ಲಿ ನಲವತ್ತು ದಾಟಿದ ಆಟದ ಮೈದಾನಗಳು ಇನ್ನೂ ಕೆಲವು ಉಳಿದಿವೆ ಎಂದು ಮಗಳು ಹೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ‘ಅಪ್ಪ, ನಾಳೆ ಇವನನ್ನ ಡ್ರ್ಯಾಗನ್ ಹತ್ರ ಕರ್ಕೊಂಡು ಹೋಗ್ತೀರಾ? ನಿಮಗೂ ಹಿಡಿಸುತ್ತೆ’ ಎಂದಳು.

ದೊಡ್ಡ ಜೌಗಿನ ಡ್ರ್ಯಾಗನ್

ಮೈದಾನದ ಕಥೆಗೆ ಮೊದಲು ಮನೆಗಳ ಕಥೆ ಹೇಳಬೇಕು. 1960ರಲ್ಲಿ ಸಿಂಗಪುರದಲ್ಲಿ ವಸತಿ ಮತ್ತು ಅಭಿವೃದ್ಧಿ ಮಂಡಳಿಯೊಂದು ಹುಟ್ಟಿತು. ಎಚ್‌ಡಿಬಿ ಎಂದರೆ ಅಲ್ಲಿ ಮಕ್ಕಳಿಗೂ ಗೊತ್ತು. ಗುಡಿಸಲು, ತಗಡಿನ ಮನೆಗಳಲ್ಲಿ ಕಿಕ್ಕಿರಿದಿದ್ದ ಜನರನ್ನು ಈ ಮಂಡಳಿ ಎತ್ತರದ ಕಟ್ಟಡಗಳಿಗೆ ತಂದಿತು. ಇಂದು ಅಲ್ಲಿನ ನಿವಾಸಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಜನ ಇರುವುದು ಈ ಮಂಡಳಿ ಕಟ್ಟಿದ ಮನೆಗಳಲ್ಲೇ. ಈ ಕಟ್ಟಡಗಳ ನೆಲ ಅಂತಸ್ತನ್ನು ಹೆಚ್ಚಾಗಿ ಕಂಬಗಳ ನಡುವೆ ಖಾಲಿ ಬಿಟ್ಟಿರುತ್ತಾರೆ. ಮುದುಕರು ಕೂರುತ್ತಾರೆ, ಮದುವೆ ನಡೆಯುತ್ತದೆ, ಸಾವಾದರೆ ಶವವನ್ನೂ ಅಲ್ಲೇ ಇಡುತ್ತಾರೆ. ನಮ್ಮ ಹಳ್ಳಿಯ ಜಗಲಿಯನ್ನು ಹತ್ತು ಪಟ್ಟು ಹಿಗ್ಗಿಸಿದ ಹಾಗೆ. ಅದರ ಎದುರಿಗೇ ಮಕ್ಕಳ ಮೈದಾನ. ಮೇಲಿನ ಅಂತಸ್ತಿನಿಂದ ತಾಯಿ ಬಗ್ಗಿ ‘ಊಟಕ್ಕೆ ಬಾರೋ’ ಎಂದು ಕೂಗಿದರೆ ಕೇಳುವಷ್ಟು ಹತ್ತಿರ.

ಟೋವಾ ಪಾಯೋ ಇಂಥ ಮೊದಮೊದಲ ಉಪನಗರಗಳಲ್ಲೊಂದು. 1960ರ ದಶಕದಲ್ಲಿ ಕಟ್ಟಿದ್ದು. ಹೆಸರಿನ ಅರ್ಥ ಕೇಳಿ ನನಗೆ ಸಂತೋಷವಾಯಿತು. ಚೀನೀ ನುಡಿಯೊಂದರಲ್ಲಿ ‘ಟೋವಾ’ ಎಂದರೆ ದೊಡ್ಡದು, ಮಲಯ ಭಾಷೆಯ ‘ಪಾಯಾ’ ಎಂದರೆ ಜೌಗು. ದೊಡ್ಡ ಜೌಗು! ನಮ್ಮಲ್ಲಿ ದೊಡ್ಡಕೆರೆ, ದೊಡ್ಡಹಳ್ಳ ಇದ್ದ ಹಾಗೆ. ರೈಲು ಇಳಿದು ಹತ್ತು ಹದಿನೈದು ನಿಮಿಷ ನಡೆದರೆ ಲೋರೊಂಗ್ 6 ಎಂಬ ರಸ್ತೆ. ತಿರುವಿನಲ್ಲೇ ಮೊಮ್ಮಗ ನನ್ನ ಕೈ ಬಿಡಿಸಿಕೊಂಡು ಓಡಿದ.

ಡ್ರ್ಯಾಗನ್ ಅಲ್ಲಿತ್ತು. ಕಿತ್ತಳೆ ಬಣ್ಣದ ಚಿಕ್ಕ ಚಿಕ್ಕ ಟೈಲು ಹೊದ್ದ ದೊಡ್ಡ ತಲೆ. ತಲೆಯೊಳಗಿಂದ ಮೆಟ್ಟಿಲು, ಪಕ್ಕದಲ್ಲಿ ಜಾರುಬಂಡೆ. ಹಿಂದಕ್ಕೆ ಬೆನ್ನೆಲುಬಿನ ಹಾಗೆ ಸಾಲಾಗಿ ಕಬ್ಬಿಣದ ಬಳೆಗಳು, ಹಿಡಿದು ಹತ್ತಲು, ತೂಗಲು. ಇಡೀ ಪ್ರಾಣಿ ನಿಂತಿರುವುದು ಮರಳಿನ ಮೇಲೆ. 1979ರಲ್ಲಿ ಕಟ್ಟಿದ್ದಂತೆ. ನಾನು ಪ್ರೈಮರಿ ಶಾಲೆಯಲ್ಲಿದ್ದ ಕಾಲ.

ಕೋರ್ ಈನ್ ಗೀ ಎಂಬುವರು ಇದರ ವಿನ್ಯಾಸಕಾರರು. ಮಂಡಳಿಯಲ್ಲಿ ಒಳಾಂಗಣ ವಿನ್ಯಾಸ ಮಾಡುತ್ತಿದ್ದ ನೌಕರ. ಆಟದ ಸಾಮಾನು ಮಾಡಿ ಅನುಭವವಿದ್ದವರಲ್ಲ. ಅದಕ್ಕೆ ಮೊದಲು ಅಲ್ಲಿಯೂ ನಮ್ಮ ಪಾರ್ಕುಗಳ ಹಾಗೆ ಒಂದು ಉಯ್ಯಾಲೆ, ಒಂದು ಜಾರುಬಂಡೆ, ಒಂದು ಗಿರಗಿಟ್ಟಲೆ, ಅಷ್ಟೇ ಇದ್ದದ್ದು. ಆ ಊರಿನ ಮಕ್ಕಳು ‘ಇದು ನಮ್ಮದು’ ಎನ್ನುವಂಥ ಆಕಾರ ಬೇಕೆಂದು ಅವರು ಡ್ರ್ಯಾಗನ್ ಬರೆದರು. ಆಮೇಲೆ ಹಣ್ಣು, ಹಕ್ಕಿ, ಆನೆ, ಗಡಿಯಾರ, ದೋಣಿ ಹೀಗೆ ಬಡಾವಣೆಗೊಂದು ಬಗೆಯ ಮೈದಾನ ಬಂದವು. ಸರ್ಕಾರಿ ನೌಕರರೊಬ್ಬರು ತಮ್ಮ ಮೇಜಿನ ಮೇಲೆ ಎಳೆದ ಗೆರೆ ಒಂದು ತಲೆಮಾರಿನ ಮಕ್ಕಳ ಬಾಲ್ಯವಾಯಿತು ಎಂಬುದನ್ನು ನಾನು, ಸರ್ಕಾರಿ ನೌಕರ, ವಿಶೇಷ ಗೌರವದಿಂದ ನೆನೆದೆ.

ಮೊಸಾಯಿಕ್ ಹೇಳಿದ ಪಾಠ

ಅಲ್ಲಿ ಫೋಟೊ ತೆಗೆಯುವವರೇ ಜಾಸ್ತಿ. ಒಂದು ಜೋಡಿ ಡ್ರ್ಯಾಗನ್ ಮುಂದೆ ನಾನಾ ಭಂಗಿಗಳಲ್ಲಿ ನಿಂತು ತೆಗೆಸಿಕೊಂಡಿತು. ಈ ಡ್ರ್ಯಾಗನ್ ಚಿತ್ರ ಈಗ ಟೀ ಶರ್ಟು, ದಿಂಬಿನ ಮೇಲೆಲ್ಲ ಬಂದಿದೆ. ಆದರೆ ಮೊಮ್ಮಗನಿಗೆ ಅದಾವುದೂ ಬೇಕಿರಲಿಲ್ಲ. ಹತ್ತಿದ, ಜಾರಿದ, ಮರಳಲ್ಲಿ ಬಿದ್ದ, ಎದ್ದ, ಮತ್ತೆ ಹತ್ತಿದ. ಐದನೆಯ ಸಲ ಮೇಲಿಂದಲೇ ಕೂಗಿದ, ‘ತಾತ, ನೀನೂ ಬಾ!’

ಸುತ್ತ ನೋಡಿದೆ. ನನ್ನ ವಿದ್ಯಾರ್ಥಿಗಳು ಯಾರೂ ಇರಲಿಲ್ಲ. ಚಪ್ಪಲಿ ಬಿಟ್ಟು ಹತ್ತಿದೆ.

ಜಾರುಬಂಡೆಯ ಮೇಲೆ ಕೈಯಿಟ್ಟೊಡನೆ ಗುರುತು ಸಿಕ್ಕಿತು. ಇದು ನಮ್ಮ ಮೊಸಾಯಿಕ್ ನೆಲ! ಸಿಮೆಂಟಿನಲ್ಲಿ ಅಮೃತಶಿಲೆಯ ಚೂರು ಬೆರೆಸಿ ಹಾಕಿ, ಒಣಗಿದ ಮೇಲೆ ಕಲ್ಲಿನಿಂದ ಉಜ್ಜಿ ನುಣುಪು ಮಾಡಿದ್ದು. ಎಪ್ಪತ್ತು, ಎಂಬತ್ತರ ದಶಕದಲ್ಲಿ ನಮ್ಮ ಕಡೆ ಮನೆ ಕಟ್ಟಿಸಿದವರೆಲ್ಲ ಹಾಕಿಸಿದ್ದು ಇದನ್ನೇ.

ಮಕ್ಕಳೇ, ಇಲ್ಲಿ ಸ್ವಲ್ಪ ವಿಜ್ಞಾನ ಹೇಳುತ್ತೇನೆ, ಪರೀಕ್ಷೆಗೆ ಬರುವುದಿಲ್ಲ, ಹೆದರಬೇಡಿ. ಸುಡುಬಿಸಿಲಿನಲ್ಲಿ ತಗಡಿನ ಜಾರುಬಂಡೆಯ ಮೇಲೆ ಕೂತರೆ ಚುರ್ ಎನ್ನುತ್ತದೆ. ಅದೇ ಬಿಸಿಲಿನಲ್ಲಿರುವ ಮೊಸಾಯಿಕ್ ಅಷ್ಟು ಸುಡುವುದಿಲ್ಲ. ಲೋಹ ಒಳ್ಳೆಯ ಶಾಖವಾಹಕ. ತನ್ನಲ್ಲಿನ ಶಾಖವನ್ನು ಒಮ್ಮೆಲೇ ನಿಮ್ಮ ಚರ್ಮಕ್ಕೆ ದಾಟಿಸುತ್ತದೆ. ಕಲ್ಲು, ಸಿಮೆಂಟು ನಿಧಾನವಾಗಿ ದಾಟಿಸುತ್ತವೆ. ಇನ್ನು ಡ್ರ್ಯಾಗನ್ ಮೈಯ ಚಿಕ್ಕ ಟೈಲುಗಳು. ದೊಡ್ಡ ಟೈಲು ಚಪ್ಪಟೆ, ಅದನ್ನು ಉಬ್ಬಿದ ಕೆನ್ನೆಗೆ ಅಂಟಿಸಲಾಗದು. ಚಿಕ್ಕ ಚಿಕ್ಕ ಚಪ್ಪಟೆ ತುಂಡುಗಳನ್ನು ಒತ್ತೊತ್ತಾಗಿ ಕೂರಿಸಿದರೆ ಯಾವ ವಕ್ರವನ್ನೂ ಮುಚ್ಚಬಹುದು. ಬಾಹುಗಳನ್ನು ಹೆಚ್ಚಿಸುತ್ತ ಹೋದರೆ ಬಹುಭುಜಾಕೃತಿ ವೃತ್ತದ ಹತ್ತಿರ ಬರುತ್ತದಲ್ಲ, ಹಾಗೆ. ಮೇಲಾಗಿ ಕುಲುಮೆಯಲ್ಲಿ ಸುಟ್ಟು ಬಂದ ಟೈಲಿನ ಬಣ್ಣ ಬಳಿದ ಬಣ್ಣದಂತೆ ಬಿಸಿಲು ಮಳೆಗೆ ಬೇಗ ಮಾಸುವುದಿಲ್ಲ. ನಲವತ್ತೈದು ವರ್ಷ ದಾಟಿದರೂ ಕಿತ್ತಳೆ ಕಿತ್ತಳೆಯಾಗೇ ಇದೆ.

ತಾತ, ಮೊಮ್ಮಗ ಒಟ್ಟಿಗೆ ಜಾರಿದೆವು. ತೂಕ ಹೆಚ್ಚಾದರೆ ವೇಗ ಹೆಚ್ಚಾಗುವುದಿಲ್ಲ ಎಂದು ಮೂವತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆದವನು ನಾನು. ಇಳಿಜಾರು ಒಂದೇ ಆದಾಗ ವೇಗ ನಿಂತಿರುವುದು ಘರ್ಷಣೆಯ ಮೇಲೆ. ನನ್ನದು ದಪ್ಪ ಹತ್ತಿ ಪ್ಯಾಂಟು, ಅವನದು ನುಣುಪು ಬಟ್ಟೆಯ ಚಡ್ಡಿ. ಅವನೇ ಮೊದಲು ಮರಳು ಮುಟ್ಟಿದ. ನಾನು ಅರ್ಧದಲ್ಲಿ ನಿಂತು, ಕೈಯೂರಿ ತಳ್ಳಿಕೊಂಡು ಕೆಳಗೆ ಬಂದೆ. ನಾನೂ ಮರಳಲ್ಲೇ ಬಿದ್ದೆ. ಏನೂ ಆಗಲಿಲ್ಲ.

ಅಲ್ಲೇ ಬೆಂಚಿನ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಚಪ್ಪಾಳೆ ತಟ್ಟಿದರು. ಚೀನೀ ಮೂಲದವರು. ಅವರ ಇಂಗ್ಲಿಷು, ನನ್ನ ಇಂಗ್ಲಿಷು ಎರಡೂ ಹರಕು, ಆದ್ದರಿಂದ ಚೆನ್ನಾಗಿ ಹೊಂದಿಕೊಂಡವು. ತಮ್ಮ ಮಗ ಚಿಕ್ಕವನಿದ್ದಾಗ ದಿನಾ ಇಲ್ಲೇ ಆಡುತ್ತಿದ್ದನಂತೆ. ಮೊಣಕಾಲಿನ ಮೇಲೆ ಇಲ್ಲಿಯದೇ ಗಾಯದ ಗುರುತಿದೆಯಂತೆ. ‘ಈಗ ಅವನು ತನ್ನ ಮಗನನ್ನು ಮರಳಿಗೆ ಬಿಡುವುದಿಲ್ಲ. ಕೊಳಕು ಅನ್ನುತ್ತಾನೆ. ನಾನು ಒಬ್ಬಳೇ ಬಂದು ಕೂರುತ್ತೇನೆ’ ಎಂದರು. ನಾನು ಏನೂ ಹೇಳಲಿಲ್ಲ. ಹೇಳುವ ಯೋಗ್ಯತೆ ನನಗಿರಲಿಲ್ಲ. ಏಕೆಂದು ಆಮೇಲೆ ತಿಳಿಯುತ್ತದೆ.

ಕಲ್ಲಂಗಡಿಯೂ ಮ್ಯಾಂಗೋಸ್ಟೀನೂ

ಮಾರನೆಯ ವಾರ ಟ್ಯಾಂಪನೀಸ್‌ಗೆ ಹೋದೆವು. ಊರಿನ ಪೂರ್ವಕ್ಕಿರುವ ದೊಡ್ಡ ಉಪನಗರ. ‘ಟೆಂಪಿನಿಸ್’ ಎಂಬ ಮರದಿಂದ ಬಂದ ಹೆಸರು. ವಸತಿ ಯೋಜನೆಗಾಗಿ 1992ರಲ್ಲಿ ವಿಶ್ವ ಮಟ್ಟದ ಪ್ರಶಸ್ತಿ ಪಡೆದ ಊರು. ಅಲ್ಲಿನ ಸೆಂಟ್ರಲ್ ಪಾರ್ಕಿನಲ್ಲಿ ಆಳೆತ್ತರಕ್ಕೂ ಮಿಗಿಲಾದ ಕಲ್ಲಂಗಡಿ ಹೋಳುಗಳು ನಿಂತಿವೆ. ಹೊರಗೆ ಹಸಿರು, ಒಳಗೆ ಕೆಂಪು, ಅಲ್ಲಿಯೂ ಚಿಕ್ಕ ಟೈಲುಗಳೇ. ಮಕ್ಕಳು ಇರುವೆಗಳ ಹಾಗೆ ಹಣ್ಣಿಗೆ ಮುತ್ತಿದ್ದರು.

ಅದೇ ಪಾರ್ಕಿನಲ್ಲಿ ನೇರಳೆ ಬಣ್ಣದ ಮ್ಯಾಂಗೋಸ್ಟೀನ್ ಹಣ್ಣೂ ಇದೆ. ಈ ಹಣ್ಣು ನಮಗೆ ಪರಕೀಯವೇನಲ್ಲ. ಮಲೆನಾಡು, ಕರಾವಳಿಯವರು ಶರಬತ್ತು, ಸಾರು ಮಾಡುವ ಮುರುಗಲು ಅಥವಾ ಪುನರ್ಪುಳಿ ಇದೆಯಲ್ಲ, ಅದೂ ಇದೂ ಒಂದೇ ಕುಲದವು. ಎರಡೂ ಗಾರ್ಸೀನಿಯಾ. ಮ್ಯಾಂಗೋಸ್ಟೀನ್ ಕೊಂಡರೆ ಒಂದು ತಮಾಷೆ ಮಾಡಿ ನೋಡಿ. ಹಣ್ಣಿನ ತಳದಲ್ಲಿ ಹೂವಿನಂಥ ಗುರುತಿರುತ್ತದೆ. ಅದಕ್ಕೆಷ್ಟು ಎಸಳೋ ಒಳಗೆ ಅಷ್ಟೇ ತೊಳೆ. ಹೂವಿನ ಶಲಾಕಾಗ್ರದ ಗುರುತು ಅದು, ಅಂಡಾಶಯದ ಕೋಣೆಗಳಿಗೆ ಸರಿಯಾಗಿರುತ್ತದೆ. ಮೊಮ್ಮಗ ಅಂಗಡಿಯಲ್ಲಿ ಆರು ಹಣ್ಣು ತಿರುಗಿಸಿ ಎಣಿಸಿ, ಮನೆಗೆ ಬಂದು ಸುಲಿದು ನೋಡಿ, ‘ತಾತ ಸುಳ್ಳು ಹೇಳಲ್ಲ’ ಎಂದು ಅಜ್ಜಿಗೆ ಸರ್ಟಿಫಿಕೇಟು ಕೊಟ್ಟ.

ಆಂಗ್ ಮೋ ಕಿಯೋ ಎಂಬ ಇನ್ನೊಂದು ಉಪನಗರದಲ್ಲಿ ಮತ್ತೊಂದು ಹಳೆಯ ಡ್ರ್ಯಾಗನ್ ಇದೆ. ಟೋವಾ ಪಾಯೋದ ಡ್ರ್ಯಾಗನ್ನಿನ ಒಡಹುಟ್ಟು. ಆದರೆ ಅದರ ಕೆಳಗೆ ಮರಳಿಲ್ಲ. ಮರಳು ತೆಗೆದು ರಬ್ಬರಿನ ಹಾಸು ಹಾಕಿದ್ದಾರೆ.

ಅದಕ್ಕೂ ಕಾರಣವಿದೆ. ಮರಳಿನಲ್ಲಿ ಬೆಕ್ಕು, ನಾಯಿ ಹೊಲಸು ಮಾಡುತ್ತವೆ. ಒಡೆದ ಗಾಜು ಹೂತಿದ್ದರೆ ಕಾಣುವುದಿಲ್ಲ. ಆಗಾಗ ಜರಡಿ ಹಿಡಿಯಬೇಕು, ಬದಲಿಸಬೇಕು. ತೊಂಬತ್ತರ ದಶಕದಲ್ಲಿ ಅಲ್ಲಿನ ಮಂಡಳಿ ಹೊಸ ಮೈದಾನಗಳಿಗೆ ಕಂಪೆನಿಗಳ ಸಿದ್ಧ ಆಟದ ಸಾಮಾನು ತರಿಸತೊಡಗಿತು. ಪ್ಲಾಸ್ಟಿಕ್ಕಿನ ಜಾರುಬಂಡೆ, ಕೆಳಗೆ ರಬ್ಬರು. ಮಗಳ ಮನೆಯ ಎದುರಿನದೂ ಅಂಥದ್ದೇ. ಶುಚಿಯಾಗಿದೆ, ಬಣ್ಣವೂ ಇದೆ, ಮಕ್ಕಳೂ ಇದ್ದಾರೆ. ಹಳೆಯದೆಲ್ಲ ಚೆನ್ನ, ಹೊಸದೆಲ್ಲ ಕೆಟ್ಟದ್ದು ಎಂದು ನಾನು ಹೇಳಹೊರಟಿಲ್ಲ. ರಬ್ಬರೂ ಬಿದ್ದವನನ್ನು ಕಾಯುತ್ತದೆ. ಆದರೆ ರಬ್ಬರಿನಲ್ಲಿ ಗುಂಡಿ ತೋಡಲಾಗುವುದಿಲ್ಲ, ಗುಬ್ಬಿಗೂಡು ಕಟ್ಟಲಾಗುವುದಿಲ್ಲ. ನನ್ನ ಮೊಮ್ಮಗ ಮನೆಯೆದುರಿನ ಮೈದಾನದಲ್ಲಿ ಅರ್ಧ ಗಂಟೆಗೆ ‘ಮನೆಗೆ ಹೋಗೋಣ’ ಎನ್ನುತ್ತಿದ್ದವನು ಡ್ರ್ಯಾಗನ್ ಮರಳಿನಿಂದ ಎರಡು ಗಂಟೆಯಾದರೂ ಏಳಲಿಲ್ಲ. ನಾನು ನೋಡಿದ್ದು ಇಷ್ಟು.

ಡಕೋಟಾ ಕ್ರೆಸೆಂಟ್ ಎಂಬ ಹಳೆಯ ಬಡಾವಣೆಯ ಪಾರಿವಾಳದ ಮೈದಾನ ನೋಡುವ ಆಸೆಯಿತ್ತು. ಹೊರಟ ದಿನ ಮಳೆ ಸುರಿದು ಆಗಲಿಲ್ಲ. ಅಲ್ಲಿನ ಮನೆಗಳು 1958ರವು, ಮೈದಾನ 1979ರದ್ದು. ಹೊಸದು ಕಟ್ಟಲೆಂದು ನಿವಾಸಿಗಳನ್ನು 2016ರ ಕೊನೆಯ ಹೊತ್ತಿಗೆ ಬೇರೆಡೆಗೆ ಕಳಿಸಿದರು. ಹಳೆಯ ನಿವಾಸಿಗಳು, ಊರಿನ ಪ್ರೀತಿಯುಳ್ಳವರು ಉಳಿಸಿ ಎಂದು ಕೇಳಿದರು. 2017ರ ಡಿಸೆಂಬರಿನಲ್ಲಿ ಸರ್ಕಾರ ನಡುವಿನ ಆರು ಕಟ್ಟಡಗಳನ್ನೂ ಅವುಗಳ ಮಧ್ಯದ ಪಾರಿವಾಳವನ್ನೂ ಉಳಿಸುವುದಾಗಿ ಹೇಳಿತು. ಅರಮನೆಯಲ್ಲ, ದೇವಸ್ಥಾನವಲ್ಲ. ಮಕ್ಕಳು ಜಾರುವ ಸಿಮೆಂಟಿನ ಹಕ್ಕಿಯೊಂದಕ್ಕಾಗಿ ದೊಡ್ಡವರು ಸರ್ಕಾರವನ್ನು ಕೇಳಿದರು!

ಮರಳಿನ ಲೆಕ್ಕ

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಮೊಮ್ಮಗನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದು ಲೆಕ್ಕ ಮಾಡಿದೆ. ಒಂಬತ್ತನೇ ತರಗತಿಯವರೂ ಮಾಡಬಹುದಾದ ಲೆಕ್ಕ.

2 ಮೀಟರ್ ಎತ್ತರದಿಂದ ಒಂದು ಮಗು ಬಿದ್ದರೆ ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 6.3 ಮೀಟರ್. ಅಂದರೆ ಗಂಟೆಗೆ 22 ಕಿ.ಮೀ.ಗೂ ಸ್ವಲ್ಪ ಹೆಚ್ಚು. ಈ ವೇಗವೆಲ್ಲ ಸೊನ್ನೆಯಾಗಬೇಕು. ಎಷ್ಟು ದೂರದಲ್ಲಿ ಸೊನ್ನೆಯಾಗುತ್ತದೆ ಎಂಬುದೇ ಮುಖ್ಯ. ಗಟ್ಟಿ ನೆಲದ ಮೇಲೆ 1 ಸೆಂ.ಮೀ.ನಲ್ಲಿ ನಿಂತಿತು ಎನ್ನಿ. ಸರಾಸರಿ ಮಂದನ ಗುರುತ್ವ ವೇಗೋತ್ಕರ್ಷದ 200 ಪಟ್ಟು. ಮರಳಿನಲ್ಲಿ 10 ಸೆಂ.ಮೀ. ಹೂತು ನಿಂತರೆ ಬರೀ 20 ಪಟ್ಟು. ಬೀಳುವ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ ಸಾಕು, ಉತ್ತರ ಬರುತ್ತದೆ. ಮರಳಿನ ಕಣಗಳು ಒಂದರ ಮೇಲೊಂದು ಉರುಳಿ, ಉಜ್ಜಿ ಬಿದ್ದವನ ಶಕ್ತಿಯನ್ನು ತಾವು ನುಂಗುತ್ತವೆ. ಅದೇ ಎತ್ತರ, ಅದೇ ಮಗು, ಪೆಟ್ಟು ಮಾತ್ರ ಹತ್ತರಲ್ಲಿ ಒಂದು ಪಾಲು.

ಕ್ರಿಕೆಟ್ ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆಳೆದುಕೊಳ್ಳುವುದೇಕೆ ಎಂಬ ಪ್ರಶ್ನೆಯನ್ನು ನಾನು ಪ್ರತಿ ವರ್ಷ ಕೇಳುತ್ತೇನೆ. ಉತ್ತರ ನನಗೆ ಬಾಯಿಪಾಠ. ಆದರೂ ಈ ಲೆಕ್ಕವನ್ನು ಮಾಡಬೇಕಾಗಿದ್ದಾಗ ನಾನು ಮಾಡಲಿಲ್ಲ.

ಬಾಕಿ ಉಳಿದ ಲೆಕ್ಕ

ನಮ್ಮ ಶಾಲೆ ಹಾಸನ ಜಿಲ್ಲೆಯ ಒಂದು ಹಳ್ಳಿಯದು. ಪ್ರಾಥಮಿಕ, ಪ್ರೌಢ ಎರಡೂ ಒಂದೇ ಆವರಣದಲ್ಲಿವೆ. ಬೇವಿನ ಮರದ ಕೆಳಗೆ ಒಂದು ಜಾರುಬಂಡೆಯಿತ್ತು. ಸಿಮೆಂಟಿನದು, ಮೇಲೆ ರೆಡ್ ಆಕ್ಸೈಡ್. ಯಾರ ಕಾಲದ್ದೋ. ಮಕ್ಕಳ ಚಡ್ಡಿಗಳೇ ಉಜ್ಜಿ ಉಜ್ಜಿ ಅದಕ್ಕೆ ಕನ್ನಡಿಯಂಥ ಹೊಳಪು ಬಂದಿತ್ತು.

2011ರಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಅದರ ತುದಿಯಿಂದ ಪಕ್ಕಕ್ಕೆ ಬಿದ್ದು ಕೈ ಮುರಿದುಕೊಂಡ. ನಾನೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಅವನ ತಾಯಿ ಅತ್ತದ್ದು ಇಂದಿಗೂ ಕಿವಿಯಲ್ಲಿದೆ. ಮಕ್ಕಳ ಸುರಕ್ಷತೆಯ ಹೊಣೆ ಆಗ ನನ್ನದಾಗಿತ್ತು. ಮಾರನೆಯ ದಿನವೇ ಜಾರುಬಂಡೆ ತೆಗೆಸಬೇಕೆಂದು ಅರ್ಜಿ ಬರೆದೆ. ಯಾರೂ ವಿರೋಧಿಸಲಿಲ್ಲ. ಜೆಸಿಬಿ ಬಂದು ಒಂದು ಗಂಟೆಯಲ್ಲಿ ಕೆಲಸ ಮುಗಿಸಿತು. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಮಕ್ಕಳನ್ನು ನಾನೇ ಗದರಿಸಿ ಕೂರಿಸಿದೆ. ನನ್ನ ಕರ್ತವ್ಯ ಮಾಡಿದೆನೆಂದು ನೆಮ್ಮದಿಯಾಗಿ ಮಲಗಿದೆ.

ಆ ಹುಡುಗ ಈಗ ಗಾರೆ ಕೆಲಸ ಮಾಡುತ್ತಾನೆ. ಒಳ್ಳೆಯ ಕೆಲಸಗಾರ. ಮೂರು ವರ್ಷದ ಹಿಂದೆ ನಮ್ಮ ಮನೆಯ ಸಂಪು ರಿಪೇರಿಗೆ ಬಂದಿದ್ದ. ಕಾಫಿ ಕುಡಿಯುತ್ತ, ತಲೆ ಎತ್ತದೆ ಕೇಳಿದ. ‘ಸಾರ್, ಒಂದ್ ಮಾತು. ಜಾರುಬಂಡೆ ಒಡೆಸಿದ್ದು ನಾನು ಬಿದ್ದಿದ್ದಕ್ಕೇ ಅಲ್ವಾ?’ ನಾನು ಹೌದೆಂದೆ. ‘ಹುಡುಗ್ರೆಲ್ಲ ಎರಡು ವರ್ಷ ನನ್ನ ಆಟಕ್ಕೆ ಸೇರಿಸ್ಕೊಳ್ಲಿಲ್ಲ ಸಾರ್. ನಿನ್ನಿಂದ್ಲೇ ಹೋಯ್ತು ಅಂತಿದ್ರು. ಕೈ ಒಂದೂವರೆ ತಿಂಗಳಲ್ಲಿ ಸರಿಹೋಯ್ತು’ ಎಂದ. ಲೋಟ ತೊಳೆದಿಟ್ಟು ಕೆಲಸಕ್ಕೆ ಹೋದ.

ಮೂರು ವರ್ಷ ಈ ಮಾತು ನನ್ನೊಳಗೆ ಮುಳ್ಳಿನ ಹಾಗೆ ಇತ್ತು. ತಪ್ಪು ಎಲ್ಲಿ ಎಂದು ಗೊತ್ತಾಗಿರಲಿಲ್ಲ. ಮಗುವಿನ ಕೈ ಮುರಿದ ಮೇಲೆ ಸುಮ್ಮನಿರಲಾಗುತ್ತಿತ್ತೇ? ಇರಬಾರದಿತ್ತು, ನಿಜ. ಆದರೆ ಆ ರಾತ್ರಿ ಸಿಂಗಪುರದಲ್ಲಿ ಲೆಕ್ಕ ಮುಗಿಸಿದಾಗ ತಿಳಿಯಿತು. ಜಾರುಬಂಡೆಯ ಕೆಳಗಿನ ನೆಲ ನೂರಾರು ಕಾಲುಗಳು ತುಳಿದು ಸಿಮೆಂಟಿಗಿಂತ ಗಟ್ಟಿಯಾಗಿತ್ತು. ಅವನ ಕೈ ಮುರಿದದ್ದು ಎತ್ತರವಲ್ಲ, ಆ ನೆಲ. ಒಂದು ಲೋಡು ಮರಳು ಸುರಿಸಿದ್ದರೆ ಆಗುತ್ತಿತ್ತು. ಜೆಸಿಬಿಯ ಬಾಡಿಗೆಗಿಂತ ಹೆಚ್ಚೇನೂ ಬೀಳುತ್ತಿರಲಿಲ್ಲ. ನಾನು ನೆಲ ಮೆತ್ತಗೆ ಮಾಡುವ ಬದಲು ಎತ್ತರವನ್ನೇ ಕಿತ್ತು ಹಾಕಿದೆ.

ತಂದೆತಾಯಿಗಳಿಗೆ ನಾನು ಉಪದೇಶ ಮಾಡಲಾರೆ. ನಾನೇ ತಪ್ಪು ಮಾಡಿದವನು. ಆದರೆ ಒಂದು ಮಾತು ಹೇಳಬೇಕೆನಿಸುತ್ತದೆ. ಮಗು ಮರ ಹತ್ತುವಾಗ, ಜಾರುಬಂಡೆಯ ತುದಿಯಲ್ಲಿ ನಿಂತಾಗ ನಮ್ಮ ಬಾಯಿಗೆ ಮೊದಲು ಬರುವುದು ‘ಇಳಿ ಕೆಳಗೆ’ ಎಂಬ ಮಾತು. ಅದಕ್ಕೆ ಮೊದಲು ಕೆಳಗೇನಿದೆ ಎಂದು ನೋಡೋಣ. ಕಲ್ಲಿದ್ದರೆ ತೆಗೆಯೋಣ, ಮರಳು ಹಾಕೋಣ, ಕೆಳಗೆ ನಾವು ನಿಲ್ಲೋಣ. ಎಷ್ಟು ಎತ್ತರ ತನಗೆ ಸಾಕು ಎಂಬುದನ್ನು ಮಗು ಹತ್ತಿಯೇ ಕಲಿಯಬೇಕು. ಬೋರ್ಡಿನ ಮೇಲೆ ಬರೆದು ಅದನ್ನು ಕಲಿಸಲಾಗದು ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವನು ಹೇಳುತ್ತಿದ್ದೇನೆ.

ವಿದ್ಯಾರ್ಥಿಗಳಿಗೊಂದು ಮನೆಗೆಲಸ. ನಿಮ್ಮೂರಿನ ಉಯ್ಯಾಲೆಯ ಸರಪಳಿ ಅಳೆಯಿರಿ. 2 ಮೀಟರ್ ಇದ್ದರೆ ಒಮ್ಮೆ ಹೋಗಿ ಬರಲು ಸುಮಾರು 2.8 ಸೆಕೆಂಡು ಹಿಡಿಯಬೇಕು. ಹತ್ತು ಸಲ ತೂಗಿ, ಒಟ್ಟು ಸಮಯವನ್ನು ಹತ್ತರಿಂದ ಭಾಗಿಸಿ. ನಿಮ್ಮ ತಮ್ಮನನ್ನೂ ಅಪ್ಪನನ್ನೂ ಕೂರಿಸಿ ನೋಡಿ. ವ್ಯತ್ಯಾಸ ಬಂದರೆ ಏಕೆ ಬಂತೆಂದು ಯೋಚಿಸಿ. ಅಪ್ಪ ಕೂರಲು ಒಪ್ಪದಿದ್ದರೆ ಈ ಲೇಖನ ತೋರಿಸಿ.

ಊರಿಗೆ ಬಂದ ಮೇಲೆ ಬೇವಿನ ಮರದ ಕೆಳಗೆ ಮತ್ತೆ ಜಾರುಬಂಡೆ ಕಟ್ಟಿಸಬೇಕು, ಸುತ್ತ ಒಂದು ಅಡಿ ಆಳಕ್ಕೆ ಮರಳು ತುಂಬಬೇಕು ಎಂದು ಶಾಲಾಭಿವೃದ್ಧಿ ಸಮಿತಿಗೆ ಅರ್ಜಿ ಕೊಟ್ಟಿದ್ದೇನೆ. ಹಿಂದಿನ ಅರ್ಜಿ ಬರೆದವನೂ ನಾನೇ ಎಂದು ಅದರಲ್ಲೇ ಕಾಣಿಸಿದ್ದೇನೆ. ಇನ್ನೂ ತೀರ್ಮಾನವಾಗಿಲ್ಲ. ಮರಳಿನದೇ ತೊಡಕು. ಈಗ ಸುಲಭಕ್ಕೆ ಸಿಗುವುದು ಎಂ ಸ್ಯಾಂಡ್. ಕಲ್ಲು ಪುಡಿ ಮಾಡಿದ್ದು, ಕಣಗಳ ಅಂಚು ಚೂಪು, ಮಕ್ಕಳ ಮೈ ತರಚುತ್ತದೆ. ಹೊಳೆಯ ಮರಳು ನೀರಲ್ಲಿ ಉರುಳಿ ಉರುಳಿ ದುಂಡಗಾದದ್ದು, ಆಟಕ್ಕೆ ಅದೇ ಸರಿ. ಅದು ಸಿಗುವುದು ಕಷ್ಟ.

ಆ ಹುಡುಗನಿಗೆ ಡ್ರ್ಯಾಗನ್ ಫೋಟೊ ತೋರಿಸಿದೆ. ಬಹಳ ಹೊತ್ತು ನೋಡಿದ. ಬೆರಳಿನಿಂದ ದೊಡ್ಡದು ಮಾಡಿ ಜಾರುಬಂಡೆಯ ಅಂಚು ನೋಡಿದ. ‘ಮೊಸಾಯಿಕ್ ಪಾಲಿಶ್ ಮಾಡೋರು ಈಗ ನಮ್ ಕಡೆ ಸಿಗಲ್ಲ ಸಾರ್’ ಎಂದ. ಸ್ವಲ್ಪ ಹೊತ್ತು ಬಿಟ್ಟು, ‘ರೆಡ್ ಆಕ್ಸೈಡ್ ಆದ್ರೆ ನಾನೇ ಹಾಕ್ತೀನಿ. ಕೂಲಿ ಬೇಡ’ ಎಂದ.

ಅರ್ಜಿಗೆ ಮುಂದಿನ ಸಭೆಯಲ್ಲಿ ಉತ್ತರ ಸಿಗಬಹುದು. ಮರಳು ಎಲ್ಲಾದರೂ ಇದ್ದರೆ ಹೇಳಿ.